ದಾಟಲು ಬಂದವನಲ್ಲ

ಏಪ್ರಿಲ್ 14, ಸೋಮವಾರ

ಎಡಹೆಗಲು ಇನ್ನೂ ಚುರುಗುಟ್ಟುತ್ತಿದೆ. ದೊಡ್ಡ ನೋವೇನಲ್ಲ, ಆದರೂ ನಿದ್ದೆ ಹತ್ತುತ್ತಿಲ್ಲ.

ಹರಿಹರದ ಕಾರ್ಖಾನೆಯಲ್ಲಿ ನಾನೂ ಎರ್ರಿಸ್ವಾಮಿಯೂ ಒಂದೇ ಶಿಫ್ಟ್. ಊರ ಹೋಟೆಲಿನಲ್ಲಿ ಎಲ್ಲರ ಲೋಟದಲ್ಲೇ ಚಹಾ ಕುಡಿದನೆಂದು ಅವನ ತಮ್ಮನನ್ನು ಹೊಡೆದಿದ್ದಾರೆ. ಹುಡುಗ ಇನ್ನೂ ಆಸ್ಪತ್ರೆಯಲ್ಲಿದ್ದಾನೆ. "ಅಂಬೇಡ್ಕರ್ ಜಯಂತಿ ಮೆರವಣಿಗೆಗೆ ನೀನೂ ಬಾರಣ್ಣ. ನಾವಷ್ಟೇ ನಡೆದ್ರೆ ಅದು ನಮ್ಮ ಜಗಳ ಅಂತಾರೆ," ಎಂದಿದ್ದ. ಹೋದೆ.

ದಾವಣಗೆರೆಯ ಜಯದೇವ ಸರ್ಕಲ್ ಹತ್ತಿರ ಪೊಲೀಸನೊಬ್ಬ ನನ್ನ ಹಣೆಯ ವಿಭೂತಿ ನೋಡಿ ಮೆಲ್ಲಗೆ ತೋಳು ಹಿಡಿದ. "ರಸ್ತೆ ದಾಟಬೇಕೇನ್ರಿ ಸಾರ್? ಬರ್ರಿ, ದಾರಿ ಮಾಡಿಸ್ತೀನಿ." ನನ್ನೊಬ್ಬನಿಗಾಗಿ ಇಡೀ ಸಾಲನ್ನು ತಡೆದ. ಅಷ್ಟು ಜನರನ್ನು ಬಿಸಿಲಲ್ಲಿ ನಿಲ್ಲಿಸುವಷ್ಟು ಮರ್ಯಾದೆ ನನ್ನ ಹಣೆಯ ಮೇಲಿತ್ತೆಂದು ನನಗೇ ಗೊತ್ತಿರಲಿಲ್ಲ.

"ದಾಟಾಕ ಬಂದಿಲ್ರಿ. ನಾನೂ ಮೆರವಣಿಗೆಯವನೇ."

ಅವನ ಮುಖವೇ ಬದಲಾಯಿತು. ತೋಳು ಬಿಟ್ಟು, ಲಾಠಿಯಿಂದ ಹೆಗಲಿಗೆ ತಿವಿದು, "ಹಂಗಾರೆ ನಡಿಯಲೇ ಮುಂದ," ಅಂದ.

ಎರ್ರಿಸ್ವಾಮಿ ತಿರುಗಿ ನೋಡಿದ. ಅವನಿಗೆ ಸಿಟ್ಟೂ ಬರಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ನನ್ನ ಅಂಗಿಯ ಧೂಳು ಕೊಡವಿ ಮುಂದೆ ನಡೆದ. ತಿವಿತಕ್ಕಿಂತ ಅದೇ ಹೆಚ್ಚು ಕೊರೆಯುತ್ತಿದೆ. ಎಷ್ಟು ರೂಢಿಯಾಗಿತ್ತು ಅವನಿಗೆ!

ಮನೆಗೆ ಬಂದು ಹೆಂಡತಿ ಸ್ವಾತಿಗೆ ಎಲ್ಲ ಹೇಳಿದೆ. "ಅವರ ಮೆರವಣಿಗೆಗೆ ನೀವ್ಯಾಕ ಹೋಗಬೇಕಿತ್ರಿ?" ಎಂದು ಬೈಯುತ್ತಲೇ ಮುಲಾಮು ಹಚ್ಚಿದಳು. ಆಮೇಲೆ ಕಣ್ಣೀರು ಒರೆಸಿಕೊಂಡು, "ನೀವು ಯಾರು ಅಂತ ಅವನಿಗೆ ಹೇಳಬಾರದಿತ್ತಾ?" ಎಂದಳು.

ಹೇಳಿದೆನಲ್ಲ. ಹೇಳಿದ್ದಕ್ಕೇ ಅಲ್ಲವೇ ಅವನು ತಿವಿದದ್ದು?