ಬಂಡೆಗಿಂತ ಹಳೆಯ ಹರಳು

ಆಗಸ್ಟ್ ೧೪, ಗುರುವಾರ

ತಲೆ ಕೆಟ್ಟುಹೋಗಿದೆ. ನಮ್ಮೂರ ಮಖೊಂಜ್ವಾ ಗುಡ್ಡದ ಒಂದೇ ಕಲ್ಲು. ಅದರೊಳಗೆ ಎರಡು ಜಿರ್ಕಾನ್ ಹರಳು. ಅವುಗಳಲ್ಲಿನ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದರೆ ಒಂದಕ್ಕೆ ಮುನ್ನೂರೈವತ್ತು ಕೋಟಿ ವರ್ಷ, ಇನ್ನೊಂದಕ್ಕೆ ಮುನ್ನೂರಿಪ್ಪತ್ತು ಕೋಟಿ. ಬೇರೆ ಕಲ್ಲಿನ ಹರಳು ಬೆರೆಸಿಬಿಟ್ಟೆನೇನೋ ಎಂದು ಹೆದರಿ ಮಾವುಸೊ ಮೇಷ್ಟ್ರಿಗೆ ತೋರಿಸಿದೆ.

“ಬೆರೆಸಿದ್ದು ನೀನಲ್ಲ ಲೊಂಧಿವೆ, ಬೆಂಕಿ,” ಎಂದು ನಕ್ಕರು. “ಕರಗಿದ ಕಲ್ಲು ಮೇಲೇಳುವಾಗ ದಾರೀಲಿದ್ದ ಹಳೇ ಹರಳನ್ನೂ ನುಂಗಿರಬಹುದು. ಎರಡೇ ಹರಳು ನಂಬ್ಕೊಂಡು ಬಂಡೆ ವಯಸ್ಸು ಹೇಳೋಕಾಗಲ್ಲ. ಇನ್ನಷ್ಟು ಅಳೆದು ನೋಡು.”

ಮೊದಲು ಅಳೆದ ಹಳೆಯ ಹರಳೊಂದನ್ನೇ ನಂಬಿ, ಬಂಡೆಗೆ ಮುನ್ನೂರೈವತ್ತು ಕೋಟಿ ವರ್ಷ ಎಂದು ಊರಿಗೆಲ್ಲ ಹೇಳಿಯಾಗಿದೆ. ಶನಿವಾರ ಗುಡ್ಡದ ಬುಡದಲ್ಲಿ ಆ ವಯಸ್ಸಿನ ಫಲಕ ನೆಡುತ್ತಾರೆ. ಅದನ್ನು ಬರೆದ ಲಾಶೊಂಗ್ವೆ ಅಜ್ಜಿಗೆ ಸಂಜೆ ಫೋನ್ ಮಾಡಿ, ಎರಡು ಹರಳಿನ ಲೆಕ್ಕ ಹೇಳಿ, ಅಂಕಿ ಅಳಿಸಿ ಎಂದೆ.

“ಅಯ್ಯೋ, ಬಣ್ಣ ಒಣಗಿದೆ ಕಣೇ! ಈಗೆಷ್ಟು ಅಂತ ಬರೀಲಿ?”

“ಗೊತ್ತಿಲ್ಲ ಅಜ್ಜಿ.”

“ಮೂವತ್ತು ಕೋಟಿ ಹೆಚ್ಚಾದ್ರೆ ಗುಡ್ಡ ಬಂದು ಜಗಳ ಆಡತ್ತಾ?”

“ನನ್ನ ಮನಸ್ಸು ಆಡತ್ತೆ.”

“ಸರಿ, ಕೆರೆದು ಹಾಕ್ತೀನಿ. ಜಾಗ ಖಾಲಿ ಇರ್ಲಿ.”

ಸಮಾಧಾನ ಆಗಬೇಕಿತ್ತು, ಆಗಿಲ್ಲ. ನಮ್ಮ ಬಂಡೆಯ ವಯಸ್ಸು ಇಂದಲ್ಲ ನಾಳೆ ಸಿಕ್ಕೀತು. ಆದರೆ ಆ ಹಳೆಯ ಹರಳು ಹುಟ್ಟಿದ ಬಂಡೆ? ಅದು ಎಲ್ಲಿತ್ತು, ಎಷ್ಟು ದೊಡ್ಡದಿತ್ತು, ಇಡೀ ಬಂಡೆ ಕರಗಿಹೋದಾಗ ಇದೊಂದೇ ಹೇಗೆ ಉಳಿಯಿತು?