ಅಪ್ಪ ಒಪ್ಪದ ಹೊಸ ಗಾಡಿ

ಲೇಡೀಸ್ ಹಾಸ್ಟೆಲ್, ಕುಮಟಾ
17 ನವೆಂಬರ್ 2002, ರವಿವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಈ ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸು. ಅಕ್ಕನ ಹೆರಿಗೆಯಾಗಿ ಅವಳು ಎದ್ದು ಓಡಾಡುವವರೆಗೆ ಊರಿನ ರಗಳೆ ಒಂದನ್ನೂ ವಾಸ್ಕೋಕ್ಕೆ ಬರೆಯಬಾರದು ಎಂದು ರೈಲು ಹತ್ತುವಾಗ ನೀನು ಹೇಳಿದ್ದು ನನಗೆ ಮರೆತಿಲ್ಲ. ಫೋನು ಮಾಡೋಣವೆಂದರೆ ಇಲ್ಲಿಯ ಬೂತಿನವನು ಗಾಜಿನ ಆಚೆ ಕಿವಿ ನೆಟ್ಟು ಕೂತಿರುತ್ತಾನೆ, ಅವನ ಭಾವ ಹೊನ್ನಾವರದಲ್ಲಿ ಅಪ್ಪನ ಟ್ಯಾಕ್ಸಿ ಸ್ಟ್ಯಾಂಡಿನಲ್ಲೇ ಇರುವವನು. ಅಲ್ಲಿ ಫೋನು ಎತ್ತುವವಳು ಅಕ್ಕ. ಹಾಗಾಗಿ ಇದನ್ನು ನೀನೊಬ್ಬಳೇ ಓದು, ಅವಳಿಗೆ ಕೊಡಬೇಡ. ನಿನ್ನ ಮಂಡಿನೋವು ಹೇಗಿದೆ? ಅಲ್ಲಿಯ ಮೆಟ್ಟಿಲು ದಿನಕ್ಕೆ ಎಷ್ಟು ಸಲ ಹತ್ತುತ್ತೀ? ಮಾಲಿನಿ ಅಕ್ಕನಿಗೆ ನಿದ್ದೆ ಬರುತ್ತಿದೆಯೇ, ಡಾಕ್ಟರು ಯಾವ ತಾರೀಖು ಹೇಳಿದ್ದಾರೆ? ನಾನು ಆರಾಮ. ಹಾಸ್ಟೆಲಿನ ಸಾರಿಗೆ ಹುಳಿಯಿಲ್ಲ, ವಾರಕ್ಕೊಮ್ಮೆ ಮೀನು, ಅದೂ ನನ್ನ ಬಟ್ಟಲಿಗೆ ಯಾವಾಗಲೂ ಬಾಂಗಡೆಯ ಬಾಲವೇ ಬರುವುದು. ಕೆಮಿಸ್ಟ್ರಿ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಹನ್ನೊಂದು ಬಂತು. ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ, ಅದಕ್ಕೆ ಕಾರಣವನ್ನೇ ಈಗ ಬರೆಯುತ್ತಿದ್ದೇನೆ.

ವಿಷಯ ಅಪ್ಪನದು. ಗಾಬರಿಯಾಗಬೇಡ, ಈವರೆಗೆ ಏನೂ ಆಗಿಲ್ಲ. ಆದರೆ ಅಪ್ಪ ಇನ್ನು ಗಾಡಿ ಓಡಿಸಬಾರದು ಅಮ್ಮಾ. ಇದು ನನ್ನ ಹೊರತು ಯಾರಿಗೂ ಗೊತ್ತಿಲ್ಲ. ಸ್ಟ್ಯಾಂಡಿನವರಿಗೆಲ್ಲ ಹೊಸ ಗಾಡಿಯದೇ ಧ್ಯಾನ. ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನಾನು ಸುಮ್ಮನೆ ಹೆದರುತ್ತಿದ್ದೇನೆ ಎಂದು ನೀನು ತಿಳಿಯುತ್ತೀ.

ನೀನು ಹೋದ ವಾರದಲ್ಲೇ ಭಟ್ಕಳದ ಸಾಹುಕಾರರು ಅಪ್ಪ ಓಡಿಸುತ್ತಿದ್ದ ತಮ್ಮ ಅಂಬಾಸಿಡರನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು, ಅದರ ಬದಲಿಗೆ ಹೊಸ ದೊಡ್ಡ ಗಾಡಿಯನ್ನು ಕಳಿಸಿದರು. ನಮ್ಮ ಲೈಬ್ರರಿಗೆ ಬರುವ ಇಂಗ್ಲಿಷ್ ಪತ್ರಿಕೆ ಅದಕ್ಕೆ ಎಸ್‌ಯುವಿ ಎನ್ನುತ್ತದೆ. ಜೀಪಿನಷ್ಟು ಎತ್ತರ, ಒಳಗೆ ಕಾರಿನ ಹಾಗೆ ಮೆತ್ತನೆ ಸೀಟು. ದೀಪಾವಳಿ ರಜೆಗೆ ನಾನು ಮನೆಗೆ ಹೋಗುವಷ್ಟರಲ್ಲಿ ಸ್ಟ್ಯಾಂಡಿನಲ್ಲಿ ಎರಡು ಪಕ್ಷ ಆಗಿ ಹೋಗಿತ್ತು. ಅಪ್ಪನ ಓರಗೆಯ ಸುಬ್ಬಣ್ಣ, ಅದೇ ಹಳೇ ಟ್ರ್ಯಾಕ್ಸ್ ಜೀಪಿನವನು, ಗಾಡಿಯ ಸುತ್ತ ಒಂದು ಸುತ್ತು ಬಂದು, “ಇದೆಂತದಾ ಮಾರಾಯ, ಎಮ್ಮೆಗೆ ಕೂಲಿಂಗ್ ಗ್ಲಾಸ್ ಹಾಕ್ದಂಗೆ! ಹಿಂದಿಂದ ನೋಡಿದ್ರೆ ಥೇಟ್ ಅಕ್ಕಿ ಗಿರಣಿ” ಎಂದನಂತೆ. ಲೈಸೆನ್ಸಾಗಿ ನಾಲ್ಕು ವರ್ಷವಾದ ದೇವರಾಜ ಬಿಡುತ್ತಾನೆಯೇ? “ಸುಬ್ಬಣ್ಣ, ನಿಂಗೆ ಚೆಂದ ನೋಡುಕೆ ಕಣ್ಣಿಲ್ಲ. ನಿಂತದ್ದೇ ಹುಲಿ ಕೂತಂಗೆ ಕಾಣ್ತದೆ. ಗೇರುಸೊಪ್ಪೆ ಘಟ್ಟ ಮೂರನೇ ಗೇರಲ್ಲಿ ಹತ್ತಿತು ಗೊತ್ತಾ? ನಿನ್ನ ಟ್ರ್ಯಾಕ್ಸಾಗಿದ್ರೆ ನಾವು ಇಳ್ದು ದೂಡ್ಬೇಕಿತ್ತು.” ಎತ್ತರ ಹೆಚ್ಚಾಯಿತು, ತಿರುವಿನಲ್ಲಿ ವಾಲುತ್ತದೆ ಎಂದು ಒಬ್ಬರು. ಎತ್ತರ ಇರುವುದಕ್ಕೇ ಮಳೆಗಾಲದ ಹೊಂಡ ಗೊತ್ತಾಗುವುದಿಲ್ಲ ಎಂದು ಇನ್ನೊಬ್ಬರು. ನನ್ನನ್ನು ಕಂಡದ್ದೇ ತಡ, “ಇಂಗ್ಲಿಷಿನವ್ರು ಎಂತ ಬರದಾರೆ, ಓದಿ ಹೇಳು ತಂಗಿ” ಎಂದು ಬೆಂಚಿನ ಮೇಲೆ ಕೂರಿಸಿದರು. ನಾನು ತಂದಿದ್ದ ಪತ್ರಿಕೆಯಲ್ಲೂ ಎರಡು ಥರ ಬರೆದಿತ್ತು, ಇಂಜಿನ್ನು ಹೊಗಳಿ ಮೂತಿ ಬೈದಿದ್ದರು. ಎರಡೂ ಪಕ್ಷದವರು ಗೆದ್ದೆವೆಂದು ಚಹಾ ಕುಡಿದರು. ಆ ದಿನ ಮಾತ್ರ ನಾನು ಬಹಳ ನಕ್ಕಿದ್ದೆ.

ಆದರೆ ಸ್ಟ್ಯಾಂಡಿನ ಕೊನೆಯ ಮಾತು ಮೂತಿಯದಲ್ಲ, ಅಪ್ಪನದು. ನಿನಗೆ ಗೊತ್ತೇ ಇದೆ, ಹೊಸ ಗಾಡಿ ಬಂದರೆ ಮೊದಲ ಬಾಡಿಗೆಗೆ ಮುಂಚೆ ಹಿರಿಯ ಡ್ರೈವರು ಅದನ್ನು ಬರಿಗಾಲಿನಲ್ಲಿ ಘಟ್ಟ ಹತ್ತಿಸಿ ಇಳಿಸಬೇಕು. ಚಪ್ಪಲಿ ಸ್ಟ್ಯಾಂಡಿನ ಬಾದಾಮಿ ಮರದ ಬುಡದಲ್ಲಿ ಇರುತ್ತದೆ, ಹೋದವನು ಬರುವತನಕ ಅದನ್ನು ಯಾರೂ ಮುಟ್ಟುವುದಿಲ್ಲ. ಹದಿನಾರು ವರ್ಷದಿಂದ ಆ ಚಪ್ಪಲಿ ಅಪ್ಪನದೇ. “ಇಂಜಿನ್ ಕಿವಿಗೆ ಹೇಳ್ತದೆ, ಬ್ರೇಕ್ ಅಂಗಾಲಿಗೆ ಹೇಳ್ತದೆ” ಎಂದು ನಮಗೂ ಎಷ್ಟು ಸಲ ಹೇಳಿಲ್ಲ! ಈ ಸಲ ಘಟ್ಟ ಇಳಿದು ಬಂದ ಅಪ್ಪ ಚಪ್ಪಲಿ ಹಾಕಿಕೊಳ್ಳದೆ ಬೆಂಚಿನ ಮೇಲೆ ಕೂತು, “ಬ್ರೇಕಿಗೆ ಜೀವ ಇಲ್ಲ. ಕಾಲಿಟ್ರೆ ಗೊತ್ತೇ ಆಗುದಿಲ್ಲ” ಎಂದನಂತೆ. ಅಷ್ಟೇ. ಬಾಯಲ್ಲಿ ಬೈದರೂ ಒಳಗೊಳಗೆ ಇಂಥದ್ದೇ ಗಾಡಿ ತೆಗೆಯಬೇಕೆಂದಿದ್ದ ಸುಬ್ಬಣ್ಣ ಆ ಯೋಚನೆಯನ್ನೇ ಬಿಟ್ಟ. ದೇವರಾಜ ಒಬ್ಬನೇ ಅಪ್ಪನಿಗೆ, “ಮಾಬ್ಲಣ್ಣ, ಸಿಟ್ಟಾಗ್ಬೇಡ. ನಾನೂ ಓಡ್ಸಿ ನೋಡ್ದೆ, ಕಾಲು ತಾಗ್ಸಿದ್ರೆ ಸಾಕು, ಮೂಗು ಗ್ಲಾಸಿಗೆ ಬಡೀತದೆ” ಎಂದು ಹೇಳಿ ಎಲ್ಲರ ಕೈಲಿ ಬೈಸಿಕೊಂಡ. ಅವನ ಜೊತೆ ಈಗ ಯಾರೂ ಚಹಾಕ್ಕೆ ಹೋಗುವುದಿಲ್ಲ. ನಾನೂ ಒಂದು ದಿನ, “ನಮ್ಮಪ್ಪ ಸ್ಟೇರಿಂಗ್ ಹಿಡಿದಾಗ ನೀನು ಹುಟ್ಟಿದ್ಯಾ?” ಎಂದು ಕೇಳಿಬಿಟ್ಟೆ. ಪಾಪ, ತಲೆ ತಗ್ಗಿಸಿ ಹೋದ.

ನಾನು ಮಾಡಿದ್ದು ಅಷ್ಟೇ ಅಲ್ಲ. ಸಾಹುಕಾರರು ಹೇಳಿದರೆಂದು ಅಪ್ಪ ನನ್ನ ಕೈಲಿ ಶೋರೂಮಿಗೆ ಇಂಗ್ಲಿಷಿನಲ್ಲಿ ಕಂಪ್ಲೇಂಟ್ ಬರೆಸಿದ. ಶಾಲೆಯ ಆರನೇ ಇಯತ್ತೆಯಿಂದ ಹಾಸ್ಟೆಲಿನಲ್ಲಿಟ್ಟು ಓದಿಸಿದ್ದಕ್ಕೆ ಇವತ್ತು ಉಪಯೋಗಕ್ಕೆ ಬಂತು ಎಂದು ಅವನ ಮುಖವೆಲ್ಲ ಅರಳಿತ್ತು. ನಾನು ಪತ್ರಿಕೆಯಿಂದ ದೊಡ್ಡ ದೊಡ್ಡ ಶಬ್ದ ಹೆಕ್ಕಿ ಎರಡು ಪುಟ ಬರೆದೆ. ಐದನೇ ದಿನಕ್ಕೆ ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬಂದ. ನಾಲ್ಕೂ ಚಕ್ರ ಬಿಚ್ಚಿ ನೋಡಿದ, ಶರಾವತಿ ಸೇತುವೆ ದಾಟಿ ಹೋಗಿ ಓಡಿಸಿ ನೋಡಿದ, ಬಂದು ಕಾಗದದ ಮೇಲೆ ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಅಪ್ಪನ ಸಹಿ ಕೇಳಿದ. ಅಪ್ಪ ಸಹಿ ಮಾಡಲಿಲ್ಲ. “ಶಾಲೆಲಿ ಕಲ್ತದ್ದು ಬೇರೆ, ರಸ್ತೆಲಿ ಕಲ್ತದ್ದು ಬೇರೆ, ತಮ್ಮಾ” ಎಂದು ಹೇಳಿ ಎದ್ದು ಹೋದ. ಮನೆಯಲ್ಲಿ ಆ ದಿನ ಊಟಕ್ಕೆ ಕೂತವನು ಗಂಜಿಗೆ ಉಪ್ಪು ಹಾಕಿಕೊಳ್ಳಲು ಮರೆತು ಹಾಗೇ ಉಂಡ. ನೀನಿದ್ದಿದ್ದರೆ ಏನಾದರೂ ಹೇಳಿ ಬೈಯುತ್ತಿದ್ದೆ.

ಹೋದ ರವಿವಾರ, ರಜೆಯ ಕೊನೆಯ ದಿನ, ಬೆಳಗಾವಿಯ ಒಂದು ಕುಟುಂಬವನ್ನು ಅಪ್ಸರಕೊಂಡಕ್ಕೆ ಕರೆದೊಯ್ಯುವುದಿತ್ತು. ಮುಂದಿನ ಸೀಟು ಖಾಲಿಯಿದೆ, ಬಾ ಎಂದ. ಸಮುದ್ರದ ಬದಿಯಿಂದ ತಿರುಗಿ ಗಾಡಿಯ ಹತ್ತಿರ ಬರುವಾಗ ಅಪ್ಪ ಮುಂದಿದ್ದ, ನಾನು ಹತ್ತು ಮಾರು ಹಿಂದೆ. ಮರಳಿನಲ್ಲಿ ಅವನ ಬಲಗಾಲಿನ ಚಪ್ಪಲಿ ಬಿದ್ದಿತ್ತು. ಅಪ್ಪ ಒಂದೇ ಚಪ್ಪಲಿಯಲ್ಲಿ ಮರಳು ದಾಟಿ, ಕಲ್ಲುಪುಡಿಯ ಹಾದಿ ಹತ್ತಿ, ಆ ಮನೆಯವರ ಜೊತೆ ಮಾತನಾಡುತ್ತಾ ನಡೆದೇ ಇದ್ದ. ತಮಾಷೆ ಎಂದುಕೊಂಡು ಚಪ್ಪಲಿ ಎತ್ತಿ ಹಿಡಿದು ಕೂಗಿದೆ. ಅಪ್ಪ ನಿಂತು, ಬಗ್ಗಿ, ತನ್ನ ಕಾಲನ್ನು ನೋಡಿದ. ಚಪ್ಪಲಿ ಇದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿ ತಿಳಿದುಕೊಂಡ ಅಮ್ಮಾ! ಹಿಮ್ಮಡಿಯಲ್ಲಿ ಚಿಪ್ಪಿನ ಚೂರು ಒಳಗೆ ಹೋಗಿ ರಕ್ತ ಬರುತ್ತಿತ್ತು. “ಮರಳು ಮೆತ್ತಗಿತ್ತಲ್ಲ, ಗೊತ್ತಾಗ್ಲಿಲ್ಲ. ಬಾಡಿಗೆಯವ್ರಿಗೆ ಕಾಣ್ಸ್‌ಬೇಡ” ಎಂದು ಕರ್ಚೀಫು ಸುತ್ತಿಕೊಂಡ.

ಹೆದ್ದಾರಿಗೆ ಸೇರುವ ಏರಿನಲ್ಲಿ ಮೀನಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬಳು ರಸ್ತೆಗಿಳಿದಳು. ನಾನು ರಸ್ತೆ ನೋಡುತ್ತಿರಲಿಲ್ಲ, ಕರ್ಚೀಫು ಒದ್ದೆಯಾಯಿತೋ ಎಂದು ಅಪ್ಪನ ಕಾಲನ್ನೇ ನೋಡುತ್ತಿದ್ದೆ. ಅದಕ್ಕೇ ನನಗೆ ಕಂಡಿತು. ಅಪ್ಪ ಬ್ರೇಕೆಂದು ಒತ್ತಿದ್ದು ಬ್ರೇಕನ್ನಲ್ಲ. ಪಾದ ಅರ್ಧ ಎಕ್ಸಿಲರೇಟರಿನ ಮೇಲಿತ್ತು. ಗಾಡಿ ಒಮ್ಮೆ ಮುಂದಕ್ಕೆ ಜಿಗಿಯಿತು, ಅಪ್ಪ ಕೆಳಗೆ ನೋಡಿದ, ಕಾಲು ಸರಿಸಿದ, ಆಮೇಲೆ ಗಾಡಿ ನಿಂತಿತು. ಅಜ್ಜಿಗೂ ಬಂಪರಿಗೂ ಒಂದು ಗೇಣು. ಬುಟ್ಟಿ ಬಿದ್ದು ತಾರಲೆ ಮೀನು ರಸ್ತೆ ತುಂಬಾ. “ಕಣ್ಣು ಕಾಣುದಿಲ್ವನಾ ನಿಂಗೆ, ಹಾಳಾದವ್ನೇ!” ಎಂದು ಅವಳು ಬೈಯುತ್ತಿದ್ದರೆ ಅಪ್ಪ ನನ್ನ ಕಡೆ ತಿರುಗಿ, “ಕಂಡ್ಯಾ? ನಾ ಹೇಳಿದ್ದಲ್ವಾ ಬ್ರೇಕ್ ಅಂತ! ಈಗ ನೀನೇ ಸಾಕ್ಷಿ” ಎಂದ. ಅವನಿಗೆ ಖುಷಿಯೇ ಆಗಿತ್ತು. ನಾನು ಇಳಿದು ಮೀನು ಹೆಕ್ಕಿಕೊಟ್ಟೆ.

ಹಾಸ್ಟೆಲಿಗೆ ಬಂದ ಮೇಲೆ ಬಯಾಲಜಿ ಮೇಡಮ್ಮನ್ನು ಕೇಳಿದೆ, ಯಾರಿಗೋ ಎಂಬಂತೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಪಾದದ ನರ ಸಾಯುತ್ತಾ ಬರುತ್ತದಂತೆ, ಚಪ್ಪಲಿ ಕಳಚಿದ್ದೂ ತಿಳಿಯುವುದಿಲ್ಲವಂತೆ. ನೀನು ಅಪ್ಪನಿಗೆ ಕೊಟ್ಟುಹೋದ ಸಕ್ಕರೆ ಕಾಯಿಲೆಯ ಗುಳಿಗೆ ರಜೆಯಲ್ಲಿ ನೋಡಿದಾಗ ಕಪಾಟಿನಲ್ಲಿ ಹಾಗೇ ಇತ್ತು, ಒಂದು ಪಟ್ಟಿಯನ್ನೂ ಹರಿದಿರಲಿಲ್ಲ. ಅಂಬಾಸಿಡರಿನಲ್ಲಿ ಯಾಕೆ ಗೊತ್ತಾಗಲಿಲ್ಲ ಎಂದು ಬಹಳ ಯೋಚಿಸಿದೆ. ಅದರ ಬ್ರೇಕು ಗಟ್ಟಿ, ತೊಡೆಯ ಬಲದಿಂದ ತುಳಿಯುವುದು, ಇಪ್ಪತ್ತು ವರ್ಷದ ರೂಢಿ. ಈ ಹೊಸ ಗಾಡಿಯದು ಹಗುರ, ಪಾದವೇ ಅಳತೆ ಹೇಳಬೇಕು. ದೇವರಾಜ ಸುಳ್ಳು ಹೇಳಿರಲಿಲ್ಲ. ಅಪ್ಪನೂ ಸುಳ್ಳು ಹೇಳಿರಲಿಲ್ಲ. ಅವನಿಗೆ ಗೊತ್ತಾಗದ್ದು ನಿಜವೇ. ಇಡೀ ಸ್ಟ್ಯಾಂಡು ಮೂತಿ, ಇಂಜಿನ್ನು, ಎತ್ತರ ಎಲ್ಲದಕ್ಕೂ ಜಗಳ ಆಡಿತು, ಮಾಬ್ಲಣ್ಣನ ಕಾಲಿನ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಮಗಳಾಗಿ ನನಗೂ ಬರಲಿಲ್ಲ. ರಜೆಗೆ ನೆಂಟರ ಹಾಗೆ ಬಂದು ಹೋಗುವವಳು, ಅಪ್ಪನ ಅಂಗಾಲನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಶುಕ್ರವಾರ ಅಪ್ಪ ಕುಮಟೆಗೆ ಬಾಡಿಗೆ ಬಂದವನು ಹಾಸ್ಟೆಲಿಗೂ ಬಂದಿದ್ದ. ಧೈರ್ಯ ಮಾಡಿ, ಕಾಲನ್ನು ಡಾಕ್ಟರಿಗೆ ತೋರಿಸೋಣ ಅಪ್ಪಾ ಎಂದೆ. “ನಿಂಗೆ ಎಂತ ಗೊತ್ತು? ನೀ ಹಾಸ್ಟೆಲಲ್ಲಿ ಬೆಳ್ದವಳು” ಎಂದ. ಸಿಟ್ಟಿನಿಂದಲ್ಲ, ನಗುತ್ತಲೇ ಹೇಳಿದ. ಈಗ ರಂಜಾನ್ ಉಪವಾಸ ನಡೆಯುತ್ತಿದೆ. ಈದ್ ಹಬ್ಬದ ಮರುದಿನ ಸಾಹುಕಾರರ ಮನೆಯ ಮಕ್ಕಳನ್ನೆಲ್ಲ ಜೋಗಕ್ಕೆ ಕರೆದೊಯ್ಯುವವನು ವರ್ಷವೂ ಅಪ್ಪನೇ ಅಲ್ಲವೇ, ಈ ಸಲ ಹೊಸ ಗಾಡಿಯಲ್ಲಿ ಒಂಬತ್ತು ಮಕ್ಕಳಂತೆ. ಅದೇ ಗೇರುಸೊಪ್ಪೆ ಘಟ್ಟ. ಅಷ್ಟರೊಳಗೆ ಲೈಸೆನ್ಸೂ ರಿನ್ಯೂವಲ್ ಆಗಬೇಕು, ಆ ಫಾರ್ಮು ತುಂಬಿಸಲಿಕ್ಕೇ ಬಂದದ್ದು. “ಪ್ರತಿ ಸಲ ಏಜೆಂಟ್ ತುಂಬ್ತಿದ್ದ, ಈಗ ನಂಗೆ ಮಗಳಿದ್ದಾಳೆ” ಎಂದು ವಾಚ್‌ಮನ್‌ನ ಹತ್ತಿರವೂ ಹೇಳಿದ. ಡಾಕ್ಟರ ಸಹಿ ಕಣ್ಣು ನೋಡಿ ಆಗುತ್ತದಂತೆ, ಕಾಲನ್ನು ಯಾರೂ ಮುಟ್ಟುವುದಿಲ್ಲವಂತೆ. ಫಾರ್ಮು ಈಗ ನನ್ನ ಹತ್ತಿರ ಇದೆ, ಫೋಟೋ ಅಂಟಿಸಿ ಇಡಬೇಕು. ಮುಂದಿನ ಸೋಮವಾರ, 25ಕ್ಕೆ, ಅಪ್ಪ ಅದನ್ನು ತೆಗೆದುಕೊಂಡು ಕಾರವಾರಕ್ಕೆ ಹೋಗುತ್ತಾನೆ.

ನಿನಗೆ ಅಲ್ಲಿಂದ ಬರಲು ಆಗುವುದಿಲ್ಲ ಎಂದು ಗೊತ್ತು. ಬಾ ಎಂದು ಕರೆಯಲು ಬಾಯಿಯೂ ಬರುವುದಿಲ್ಲ. ಅಕ್ಕನಿಗೆ ನನ್ನ ಪ್ರೀತಿ, ಭಾವನಿಗೆ ನಮಸ್ಕಾರ, ಹುಟ್ಟುವ ಮಗುವಿಗೆ ಈಗಲೇ ಒಂದು ಮುತ್ತು. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಮೆಟ್ಟಿಲು ಸಾವಕಾಶ ಹತ್ತು. ನನ್ನ ಮೇಲೆ ಸಿಟ್ಟಾಗಬೇಡ.

ನಿನ್ನ ಮಗಳು,
ಸುಷ್ಮಾ

ತಾ.ಕ.: ಪೋಸ್ಟ್ ಡಬ್ಬಿಗೆ ಹಾಕಲು ಹೊರಟವಳು ತಿರುಗಿ ಬಂದು ಬರೆಯುತ್ತಿದ್ದೇನೆ, ಇಷ್ಟು ಹೊತ್ತು ಬರೆಯಲಾಗದೆ ಇದ್ದದ್ದು ಇದೇ. ಫಾರ್ಮನ್ನು ಶುಕ್ರವಾರವೇ ತುಂಬಿ ಆಗಿದೆ. ಅಪ್ಪ ಎದುರಿಗೇ ನಿಂತು, “ಕಣ್ಣಿನ ಪ್ರಶ್ನೆಗೆ ಯೆಸ್, ಉಳ್ದದ್ದಕ್ಕೆಲ್ಲ ನೋ” ಎಂದ. ಕೈಕಾಲಿನ ಚಲನೆಯಲ್ಲಿ, ಹತೋಟಿಯಲ್ಲಿ ಏನಾದರೂ ದೋಷವಿದೆಯೇ ಎಂದು ಒಂದು ಪ್ರಶ್ನೆ ಇತ್ತು. ಅಲ್ಲಿ ನಾನು ಇಂಕಿನಲ್ಲಿ ‘ಯೆಸ್’ ಎಂದು ಬರೆದೆ. “ಎಲ್ಲಾ ಬರ್ದ್ಯಾ?” ಎಂದು ಕೇಳಿದ, ಹೂಂ ಎಂದೆ. ಗಾಡಿಯ ಬಾನೆಟ್ಟಿನ ಮೇಲಿಟ್ಟು ಸಹಿ ಮಾಡಿ, ಒಣಗಲಿ ಎಂದು ಊದಿ, ನನ್ನ ಕೈಗೆ ಕೊಟ್ಟ. ತಾನು ಏನಕ್ಕೆ ಸಹಿ ಹಾಕಿದೆನೆಂದು ಅವನಿಗೆ ಗೊತ್ತಿಲ್ಲ. ಕಾರವಾರದ ಕೌಂಟರಿನಲ್ಲಿ ಹತ್ತು ಜನರ ಎದುರು ಗೊತ್ತಾಗುತ್ತದೆ. ಅದಕ್ಕೆ ಮೊದಲು ಅವನಿಗೆ ಹೇಳಬೇಕು, ನನ್ನಿಂದ ಆಗುತ್ತಿಲ್ಲ. ಹೇಳುವುದು ನೀನೋ ನಾನೋ, ಅಥವಾ ಇದನ್ನು ಹರಿದು ಬೇರೆ ಫಾರ್ಮಿನಲ್ಲಿ ‘ನೋ’ ಎಂದು ಬರೆಯಲೋ? ನೀನು ಹೇಳಿದ ಹಾಗೆ ಮಾಡುತ್ತೇನೆ. ಶನಿವಾರದ ಟಪಾಲಿಗೆ ನನಗೆ ಉತ್ತರ ಸಿಗಬೇಕು ಅಮ್ಮಾ. ಬೇಗ ಬರೆ.