ಗುರುಗಳು ಕೊಡಿಸಿದ ಚಹಾ

ಬ್ಯಾಡಗಿ
೯ ಫೆಬ್ರುವರಿ ೨೦೨೫

ಚಿರಂಜೀವಿ ಶೀಲಾಳಿಗೆ ನಿನ್ನ ಸೋದರಮಾವ ಬೀರಲಿಂಗಪ್ಪನ ಆಶೀರ್ವಾದಗಳು.

ನಿನ್ನ ಆರೋಗ್ಯ ಹೇಗಿದೆ? ಕಾಗಿನೆಲೆಯಲ್ಲಿ ನಿಮ್ಮವ್ವ ಗುಡ್ಡವ್ವನ ಮೊಣಕಾಲು ನೋವು ಇಳಿಯಿತೇ? ನಿಮ್ಮಪ್ಪ ಹಾಲೇಶಪ್ಪನವರ ಕೆಮ್ಮು? ನಿನ್ನ ರೂಮಿನ ಗೆಳತಿ ಪ್ರಿಯಾಂಕಾಳ ಜ್ವರ ಬಿಟ್ಟಿತೇ? ಇಲ್ಲಿ ನಿನ್ನ ಅತ್ತಿ ಉಡಚವ್ವ ಆರಾಮ ಇದ್ದಾಳೆ, ಮೆಣಸಿನಕಾಯಿ ಘಾಟಿಗೆ ದಿನಕ್ಕೆ ನೂರು ಸಲ ಸೀನುತ್ತಾಳೆ ಅಷ್ಟೆ. ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಸುಗ್ಗಿಯಲ್ಲವೇ, ಊರಿನ ತೂಕದ ಯಂತ್ರಗಳೆಲ್ಲ ಒಂದೇ ಸಲ ಕೆಟ್ಟು ನನ್ನ ರಿಪೇರಿ ಅಂಗಡಿಗೆ ಬಂದು ಕೂತಿವೆ. ತಡವಾಯಿತೆಂದು ಸಿಟ್ಟಾಗಬೇಡ.

ಫೋನು ಮಾಡಿದರೆ ನೀನು "ಹೂಂ ಮಾಮಾ, ಆರಾಮ ಅದೀನಿ" ಅಂತ ಇಟ್ಟುಬಿಡುತ್ತೀ. ಪತ್ರದಲ್ಲಿ ಮಾತ್ರ ಖರೇ ಹೇಳುತ್ತೀ. ರಾಣೆಬೆನ್ನೂರಿನ ಆ ಸಾಫ್ಟ್‌ವೇರ್ ಆಫೀಸು ಸೇರಿ ಎಂಟು ತಿಂಗಳಾದರೂ ಎದೆಯ ಡವಡವ ನಿಂತಿಲ್ಲ, ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ, ಕಣ್ಣು ಉರಿಯುತ್ತದೆ, ಗೊತ್ತಿಲ್ಲದ್ದನ್ನು ಕೇಳಿದರೆ ನಿನ್ನ ಸೀನಿಯರ್ ಪ್ರೇಮಕುಮಾರ ಎಲ್ಲರೆದುರು ನಗುತ್ತಾನೆ ಎಂದು ಬರೆದಿದ್ದೀ. ಓದಿ ಉಡಚವ್ವ ಕಣ್ಣು ಒರೆಸಿಕೊಂಡಳು. "ಈ ಸಲ ಘಾಟು ಜಾಸ್ತಿ ಐತ್ರಿ" ಅಂದಳು.

ನಾನು ಏಳನೇ ಇಯತ್ತೆ ಕಲಿತವ. ಕಂಪ್ಯೂಟರ್ ನನಗೆ ಗೊತ್ತಿಲ್ಲ, ಆದರೆ ಕೆಟ್ಟ ಯಂತ್ರದ ಮುಂದೆ ಕೂತವರ ಪಾಡು ಗೊತ್ತು. ಸ್ವಿಚ್ ಆರಿಸಿದ ಮೇಲೂ ಹಳೆಯ ಟಿವಿಯೊಳಗೆ ಕರೆಂಟ್ ಉಳಿದಿರುತ್ತದೆ. ಅವಸರಪಟ್ಟು ಕೈಹಾಕಿದವನು ಹಿಂದಿನ ಗೋಡೆಗೆ ಹೋಗಿ ಬೀಳುತ್ತಾನೆ. ಮೈಯೊಳಗೂ ಹಾಗೆ ಉಳಿದಿರುತ್ತದೆ, ಮಗಳೇ. ಆಫೀಸು ಬಿಟ್ಟ ಮೇಲೆ ಅರ್ಧ ಗಂಟೆ ಯಾರ ಜೊತೆಗೂ ಮಾತಾಡಬೇಡ, ಫೋನು ನೋಡಬೇಡ, ಸುಮ್ಮನೆ ನಡೆ. ಹೊತ್ತಿಗೆ ಸರಿಯಾಗಿ ಉಣ್ಣು. ದಿನಾ ಕಲಿತದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ನಗುವವರು ನಗಲಿ, ಕೇಳುವುದನ್ನು ಬಿಡಬೇಡ. ಎಲ್ಲದಕ್ಕೂ "ಆತ್ರಿ ಸರ್" ಅನ್ನಬೇಡ.

"ಊರ ಮಂದಿ ನಿಮ್ಮನ್ನ ತಾನಾಗೇ ಕಲಿತವ ಅಂತಾರ, ನೀವು ನೋಡಿದ್ರ ಗುರುಗಳು ಗುರುಗಳು ಅಂತೀರಿ. ಯಾವುದು ಖರೇ ಮಾಮಾ?" ಎಂದು ಕೇಳಿದ್ದೀ. ಎರಡೂ ಖರೇ ಅಂತ ತಿಳಿ. ಹಾವೇರಿಯಲ್ಲಿ ಹನುಮೇಶಪ್ಪನವರ ರೇಡಿಯೋ ಅಂಗಡಿಯಲ್ಲಿ ಎರಡು ವರ್ಷ ಕೆಲಸಕ್ಕಿದ್ದೆ. ಆ ಕಥೆ ಇನ್ನೊಮ್ಮೆ ಬರೆಯುತ್ತೇನೆ.

ನಿನ್ನ ಮಾಮಾ
ಬೀರಲಿಂಗಪ್ಪ


ಬ್ಯಾಡಗಿ
೫ ಮಾರ್ಚ್ ೨೦೨೫

ಚಿ. ಶೀಲಾ,

ಕ್ಷೇಮ ಸಮಾಚಾರಕ್ಕೆ ಹೊತ್ತಿಲ್ಲ. ಪಕ್ಕದ ಮನೆಯ ಚನ್ನೇಶ ಹತ್ತರ ಬಸ್ಸಿಗೆ ರಾಣೆಬೆನ್ನೂರಿಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ, ಫೋನಿನಲ್ಲಿ ಇಷ್ಟು ಹೇಳಲು ನನಗೆ ಬರುವುದಿಲ್ಲ.

ನಿನ್ನೆ ನೀನು ಫೋನಿನಲ್ಲಿ ಅಳುತ್ತ ಹೇಳಿದ್ದು ನನಗೆ ತಿಳಿದದ್ದು ಇಷ್ಟು. ಇಲ್ಲಿಯ ಕೋಲ್ಡ್ ಸ್ಟೋರೇಜಿನಲ್ಲಿ ಯಾವ ರೈತನ ಮೆಣಸಿನಕಾಯಿ ಚೀಲ ಎಲ್ಲಿದೆ ಎಂದು ತೋರಿಸುವುದು ನಿಮ್ಮ ಆಫೀಸಿನ ಸಾಫ್ಟ್‌ವೇರ್. ಸೋಮವಾರ, ಮಾರ್ಕೆಟ್ಟಿನ ದಿನವೇ, ಪರೀಕ್ಷೆ ಮಾಡದೆ ಹೊಸದನ್ನು ಹಾಕು ಎಂದ ಪ್ರೇಮಕುಮಾರ. ನೀನು ಬೇಡವೆಂದೆ. ಅವನೇ ನಿನ್ನ ಕುರ್ಚಿಯಲ್ಲಿ ಕೂತು, ನಿನ್ನ ಹೆಸರಿನ ಲಾಗಿನ್‌ನಲ್ಲಿ ಹಾಕಿದ. ಒಂಬತ್ತು ಸಾವಿರ ಚೀಲಗಳ ಗುರುತು ಕಲಸಿಹೋಯಿತು. ಯಾರು ಮಾಡಿದ್ದೆಂದು ಇವತ್ತು ಸಂಜೆಯೊಳಗೆ ಮೇಲ್‌ನಲ್ಲಿ ಬರೆದು ಕಳಿಸಿ ಅನ್ನುತ್ತಿದ್ದಾರೆ ಮ್ಯಾನೇಜರು. ಪ್ರೇಮಕುಮಾರ ನಿನ್ನ ಮುಖ ನೋಡುತ್ತಿದ್ದಾನೆ. ನಡೆದದ್ದನ್ನು ನಡೆದ ಹಾಗೆ ಬರಿ ಎನ್ನುತ್ತಾಳೆ ಪ್ರಿಯಾಂಕಾ.

ಪ್ರಿಯಾಂಕಾ ಇನ್ನೂ ಸಣ್ಣವಳು. ಈಗ ನನ್ನ ಕಥೆ ಕೇಳು. ಹತ್ತೊಂಬತ್ತರ ವಯಸ್ಸು ನನಗೆ. ಗುರುಗಳು ಹನುಮೇಶಪ್ಪನವರು ಒಂದು ಮೈಕ್ ಸೆಟ್ಟಿಗೆ ತಂತಿ ತಪ್ಪಾಗಿ ಜೋಡಿಸಿ ಸುಟ್ಟುಬಿಟ್ಟರು. ಸೆಟ್ಟಿನ ಮಾಲೀಕ ಶಮಶೇರಸಾಬ ಬಾಗಿಲಲ್ಲಿ ನಿಂತು, "ನಾಳೆ ಮದುವಿ ಐತಿ, ಮೈಕ್ ಬದ್ಲಿ ನಾನೇ ಒದರ್ಲೇನು? ಯಾರ ಸುಟ್ಟಾರ ಹೇಳ್ರಿ ಮೊದ್ಲ!" ಎಂದು ಕೂಗಾಡಿದ. ಗುರುಗಳು ನನ್ನ ಮುಖ ನೋಡಿದರು. "ನಾನರೀ" ಅಂದೆ. ಬೈಗಳು ತಿಂದೆ. ಅವನು ಹೋದ ಮೇಲೆ ಗುರುಗಳು ಚಹಾ ತರಿಸಿ, ತಮ್ಮ ಕಪ್ಪಿನಿಂದಲೇ ಬಸಿಗೆ ಸುರಿದು ಕೊಟ್ಟರು. "ನನ್ನ ಮರ್ಯಾದಿ ಉಳಿಸಿದಿ. ಇನ್ನ ನಿನ್ನ ಕೈ ಬಿಡಂಗಿಲ್ಲ" ಅಂದರು.

ಹಿರಿಯನ ಮಾನ ಉಳಿಸಿದವರನ್ನು ಹಿರಿಯ ಮರೆಯುವುದಿಲ್ಲ. ಹೊರಗೆ ಕಿರಿಯ ಬೈಸಿಕೊಳ್ಳಬೇಕು, ಒಳಗೆ ಹಿರಿಯ ಸರಿಮಾಡಬೇಕು. ಎಲ್ಲ ಕೆಲಸದ ಜಾಗದಲ್ಲೂ ಇದೇ ರೀತಿ. ನಾನೇ ಮಾಡಿದ್ದೆಂದು ನಿನ್ನ ಹೆಸರಿನಲ್ಲೇ ಬರೆದುಕೊಡು. ಮುಂದಿನದು ನಾನು ಹೇಳಿದ ಹಾಗೆ ಆಗದಿದ್ದರೆ ಕೇಳು.

ಮಾಮಾ


ಬ್ಯಾಡಗಿ
೨೭ ಏಪ್ರಿಲ್ ೨೦೨೫

ಚಿ. ಶೀಲಾಳಿಗೆ ಆಶೀರ್ವಾದಗಳು.

ಏಳು ವಾರವಾಯಿತು ಬರೆದು. ಮೂರು ಸಲ ಬರೆದು ಹರಿದೆ. ನಿನ್ನ ಫೋನು ಬಂದ್ ಇದೆ. ನೀನು ಕಾಗಿನೆಲೆಗೆ ಮರಳಿದಾಗಿನಿಂದ, ಊಟ ಮಾಡುತ್ತಿದ್ದೀಯಾ ಎಂದು ನಿಮ್ಮವ್ವನನ್ನು ದಿನಾ ಕೇಳುತ್ತೇನೆ. "ಅರ್ಧ ರೊಟ್ಟಿ ಅಣ್ಣಾ. ಲ್ಯಾಪ್‌ಟಾಪಿನ ಮ್ಯಾಲೆ ಚಾದರ ಹೊಚ್ಚಿ ಇಟ್ಟಾಳ, ಸತ್ತವರಿಗೆ ಹೊಚ್ಚಿದಂಗ" ಅಂದಳು ಗುಡ್ಡವ್ವ.

ಚೀಲಗಳ ಸುದ್ದಿ ಕೇಳು. ಹಮಾಲರು ಐದು ದಿನ ಕೈಯಿಂದಲೇ ಎತ್ತಿ ಇಳಿಸಿ, ಹೊಲಿಗೆ ನೋಡಿ, ಬಣ್ಣದ ಗುರುತು ನೋಡಿ ಒಂಬತ್ತು ಸಾವಿರವನ್ನೂ ವಿಂಗಡಿಸಿದರು. ಯಾರದೂ ಒಂದು ಕಾಯಿ ಕಳೆಯಲಿಲ್ಲ. ನಿನ್ನ ಹೆಸರನ್ನು ಮಾತ್ರ ಯಾರೂ ಅದರ ಜಾಗಕ್ಕೆ ಎತ್ತಿ ಇಡಲಿಲ್ಲ. ನೀನು ಬರೆದ ಮೇಲ್ ಅನ್ನು ಮ್ಯಾನೇಜರು ಎಲ್ಲರೆದುರು ಓದಿದರಂತೆ, ಮರುದಿನವೇ ನಿನ್ನನ್ನು ಕೆಲಸದಿಂದ ತೆಗೆದರಂತೆ. ಹಾವೇರಿಯಲ್ಲಿ ಒಂದು ಕಡೆ, ಹುಬ್ಬಳ್ಳಿಯಲ್ಲಿ ಒಂದು ಕಡೆ ಕೆಲಸ ಸಿಕ್ಕೇಬಿಟ್ಟಿತು ಅನ್ನುವಾಗ, ಅವರು ಹಳೆಯ ಆಫೀಸಿಗೆ ಫೋನು ಮಾಡಿ ಕೇಳಿ, ಬೇಡವೆಂದರಂತೆ. ಇದನ್ನೆಲ್ಲ ಪ್ರಿಯಾಂಕಾ ಹೇಳಿದಳು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ ಆ ಹುಡುಗಿ. ಆಡಿದ್ದರೆ ಚೆನ್ನಾಗಿತ್ತು.

ರಾಣೆಬೆನ್ನೂರಿಗೆ ಹೋಗಿದ್ದೆ, ನಿನಗೆ ಹೇಳಿರಲಿಲ್ಲ. ಪ್ರೇಮಕುಮಾರ ಆಫೀಸಿನ ಕೆಳಗೆ ಬಂದ. ರಾಕ್ಷಸನನ್ನು ನೋಡಲು ಹೋದವನಿಗೆ ಸಿಕ್ಕಿದ್ದು ಒಬ್ಬ ಸಣಕಲು ಹುಡುಗ. ಉಗುರು ಕಚ್ಚಿ ಕಚ್ಚಿ ಬೆರಳ ತುದಿಯೆಲ್ಲ ಕೆಂಪಾಗಿತ್ತು.

"ನಾ ಖರೇ ಹೇಳಿದ್ರ ನನ್ನ ಕೆಲಸ ಹೊಕ್ಕೈತ್ರಿ. ಆಕಿನೇ ಒಪ್ಕೊಂಡಾಳ. ಒಪ್ಕೋ ಅಂತ ನಾ ಏನರ ಹೇಳಿದ್ನೇನ್ರಿ?"

"ಇಲ್ಲಪಾ. ನಾ ಹೇಳಿದ್ದೆ" ಅಂದೆ.

ಅಲ್ಲಿಂದ ನೇರ ಕಾಗಿನೆಲೆಗೆ ಬಂದೆ. ನಿನ್ನ ಕೋಣೆಯ ಬಾಗಿಲು ತೆರೆಯಲಿಲ್ಲ. ಹೊರಗೆ ಗೋಡೆಗೆ ಒರಗಿ ಕೂತೆ. ತೂಕದ ಯಂತ್ರಗಳ ಸುದ್ದಿ, ಅತ್ತಿಯ ಸೀನಿನ ಸುದ್ದಿ, ಏನೇನೋ ಹೇಳಿದೆ. ಬಹಳ ಹೊತ್ತಿನ ಮೇಲೆ ನೀನು ಒಳಗಿನಿಂದ ಕೇಳಿದೆ: "ಮಾಮಾ, ನಿಮ್ಮ ಗುರುಗಳು ನಿಮಗ ಚಾ ಕೊಡಿಸಿದ್ರಲ್ಲ, ನನಗ್ಯಾಕ ಯಾರೂ ಕೊಡಿಸ್ಲಿಲ್ಲ? ನಂದೇ ಏನರ ಕಡಿಮಿ ಬಿತ್ತೇನು?"

ಬಸ್ಸಿನ ಹೊತ್ತಾಯಿತು ಅಂದೆ. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು.

ಇನ್ನು ಬುದ್ಧಿ ಹೇಳುವ ಬಾಯಿ ನನಗಿಲ್ಲ. ಆದರೂ ಒಂದೇ ಒಂದು ಕೇಳಿಕೊಳ್ಳುತ್ತೇನೆ. ಹಾವೇರಿಯ ದೊಡ್ಡ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರು ಇದ್ದಾರೆ. ಅತ್ತಿ ಬಂದು ನಿನ್ನನ್ನು ಕರೆದೊಯ್ಯುತ್ತಾಳೆ. ನಾನು ಜೊತೆಗೆ ಬರುವುದಿಲ್ಲ, ನಿನ್ನ ಕಣ್ಣಿಗೂ ಬೀಳುವುದಿಲ್ಲ. ಹೋಗಿ ಬಾ, ಸಾಕು. ಕೆಲಸದ ಮಾತು ಆಮೇಲೆ. ಇರದಿದ್ದರೂ ನಡೆಯುತ್ತದೆ.

ಬಾಳು ಮಗಳೇ. ಬೇರೆ ಆಶೀರ್ವಾದ ಹೊಳೆಯುತ್ತಿಲ್ಲ.

ನಿನ್ನ ಮಾಮಾ
ಬೀರಲಿಂಗಪ್ಪ

ತಾ.ಕ.: ನಿನ್ನಲ್ಲಿ ಏನೂ ಕಡಿಮೆ ಬಿದ್ದಿಲ್ಲ. ಚಹಾ ಇರಲೇ ಇಲ್ಲ, ಶೀಲಾ. ಶಮಶೇರಸಾಬ ಹೋದ ಮೇಲೆ ಹನುಮೇಶಪ್ಪನವರು ನನ್ನ ಕೈಯಿಂದ ಇಕ್ಕಳ ಕಸಿದುಕೊಂಡು "ನಾಳಿಂದ ಬರಬ್ಯಾಡ" ಅಂದರು. ಸೆಟ್ಟು ಸುಡುವ ಹುಡುಗ ಎಂದು ಹಾವೇರಿಯ ಅಂಗಡಿ ಅಂಗಡಿಗೂ ಹೇಳಿದರು. ಯಾರೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಅದಕ್ಕೇ ಬ್ಯಾಡಗಿಗೆ ಬಂದು, ಟೇಲರ್ ಮಲ್ಲಿಕಸಾಬನ ಕಟ್ಟೆಯ ಮೇಲೆ ಕೆಟ್ಟ ರೇಡಿಯೋ ಬಿಚ್ಚುತ್ತ ಕೂತೆ. ಕಲಿಸುವವರು ಯಾರೂ ಇರಲಿಲ್ಲ, ನಾನಾಗಿಯೇ ಕಲಿತೆ. ಹೀಗೆ ಹೇಳಲು ನಾಚಿಕೆಯಾಗಿ, ಮದುವೆಯಾದ ಹೊಸದರಲ್ಲಿ ಉಡಚವ್ವನಿಗೆ ಚಹಾದ ಕಥೆ ಹೇಳಿದೆ. ಹೇಳುತ್ತ ಹೇಳುತ್ತ ಬಸಿಯ ಅಂಚಿನ ನೀಲಿ ಗೆರೆಯೂ ನನಗೆ ಕಾಣತೊಡಗಿತು. ನಡೆದದ್ದು ಮರೆತು ಹಾಗೆ ಬರೆದೆ ಎಂದರೆ ನಿನಗೆ ಎರಡನೇ ಸುಳ್ಳು ಹೇಳಿದಂತೆ. ಮಾರ್ಚ್ ಐದರಂದು ನಿನಗೆ ಬರೆಯುವಾಗ ನನಗೆ ಎಲ್ಲ ನೆನಪಿತ್ತು. ಚನ್ನೇಶ ಬಾಗಿಲಲ್ಲಿ ನಿಂತಿದ್ದ. ಮಡಚಿ ಅವನ ಕೈಗೆ ಕೊಟ್ಟೆ.

ವಿಳಾಸ ಬರೆದ ಅಂಚೆ ಕಾರ್ಡು ಒಳಗಿಟ್ಟಿದ್ದೇನೆ. ಬೈದಾದರೂ ಸರಿ, ಒಂದು ಸಾಲು ಲಗೂ ಬರೆ.